ಚಂದ್ರವಳ್ಳಿಯ ಕತ್ತಲೆಯ ಮಠ

ಭರಮಸಾಗರದ ಕೆರೆ ನೋಡಿದವರಿಗೆ ಭರಮಣ್ಣ ನಾಯಕನ ಹೆಸರು ಹೊಸದಲ್ಲ. 1689ರಿಂದ 1721ರವರೆಗೆ ದುರ್ಗವನ್ನಾಳಿದ ಪಾಳೆಯಗಾರ ಅವನು. ಅಲ್ಲಿಂದ 20 ಚಿಲ್ಲರೆ ಕಿಲೋಮೀಟರು ಬಂದರೆ ಚಿತ್ರದುರ್ಗ. ಬಂದವರೆಲ್ಲ ಕೋಟೆ ಹತ್ತಿ, ಓಬವ್ವನ ಕಿಂಡಿ ನೋಡಿ, ಕಾಲು ನೋವೆಂದು ಬಸ್ಸು ಹಿಡಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಇನ್ನೊಂದೆರಡು ಗಂಟೆ ಬಿಡುವು ಮಾಡಿಕೊಂಡು ಚಂದ್ರವಳ್ಳಿಗೂ ಹೋಗಿಬನ್ನಿ.

ದುರ್ಗದ ಬೆಟ್ಟ, ಚೋಳಗುಡ್ಡ, ಕಿರುಬನಕಲ್ಲು ಈ ಮೂರರ ನಡುವಿನ ಕಣಿವೆ ಅದು. ಅಂಕಲಿ ಮಠ ಇರುವುದು ಅಲ್ಲೇ. ಮಠವೆಂದಕೂಡಲೆ ಅಂಗಳ, ಪಡಸಾಲೆ, ದಾಸೋಹದ ಮನೆ ಎಂದುಕೊಂಡಿರೋ, ಮೋಸ ಹೋದಿರಿ! ಮೇಲೆ ಬರೀ ಬಂಡೆ, ಮಠವೆಲ್ಲ ನೆಲದೊಳಗೆ. ತಲೆ ತಗ್ಗಿಸಿ ಇಳಿದರೆ ಒಂದರ ಹಿಂದೊಂದು ಕೋಣೆ, ಒಂದು ಮೇಲೆ, ಇನ್ನೊಂದು ಕೆಳಗೆ. ಲಿಂಗವಿರುವ ಗುಡಿ, ಸ್ನಾನದ ತೊಟ್ಟಿ, ಧ್ಯಾನಕ್ಕೆ ಕೂರುವ ಕಟ್ಟೆ, ಎಲ್ಲ ಉಂಟು. ಹಾಡುಹಗಲಲ್ಲೇ ಕೈಗೆ ಕೈ ಕಾಣಿಸದು. ಬೆಳಗಾವಿ ಕಡೆಯ ಅಂಕಲಗಿಯಿಂದ ಬಂದ ಪರದೇಶಪ್ಪ ಎಂಬ ಸ್ವಾಮಿಗಳು ಇಲ್ಲಿ ತಪಸ್ಸಿಗೆ ಕೂತರಂತೆ, ಹೆಸರು ಬಂದದ್ದು ಅದರಿಂದಲೇ ಅಂತ ಜನ ಹೇಳುತ್ತಾರೆ. ನಮಗೋ, ಅಡುಗೆಮನೆಯಲ್ಲಿ ಅರ್ಧ ಗಂಟೆ ಕರೆಂಟು ಹೋದರೆ ಜೀವ ಹೋದ ಹಾಗೆ!

ಬಾಗಿಲ ಬಳಿಯೇ ಪಂಚಲಿಂಗದ ಗುಹೆ. ಐದೂ ಲಿಂಗ ಪಾಂಡವರು ಇಟ್ಟದ್ದೆಂದು ನಂಬಿಕೆ. ಅಲ್ಲಿರುವ ಶಾಸನ ಮಾತ್ರ ಹೊಯ್ಸಳ ಮೂರನೆಯ ನರಸಿಂಹನ ಕಾಲದ್ದು, 1286ರದು.

ಕಣಿವೆಯ ವಯಸ್ಸು ಮಠಕ್ಕಿಂತ ದೊಡ್ಡದು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ 4ನೆಯ ಶತಮಾನದಲ್ಲಿ ಕೆರೆಯ ವಿಷಯ ಬರೆಸಿದ್ದಾನೆ. ಭಾಷೆ ಪ್ರಾಕೃತ. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದರು. ಸಾತವಾಹನರ ನಾಣ್ಯಗಳ ಜತೆ ರೋಮ್ ಸಾಮ್ರಾಟರ ಬೆಳ್ಳಿ ನಾಣ್ಯಗಳೂ ಸಿಕ್ಕವು. ಎಲ್ಲಿಯ ರೋಮು, ಎಲ್ಲಿಯ ನಮ್ಮ ಬಯಲುಸೀಮೆ! ವ್ಯಾಪಾರ ಅಷ್ಟು ದೂರ ನಡೆದಿತ್ತು ನೋಡಿ.

ಮಠದಲ್ಲಿ ಈಗ ಸ್ವಾಮಿಗಳಿಲ್ಲ, ಶಿಷ್ಯರಿಲ್ಲ. ಒಳಗೋಡೆಯ ಗಾರೆಯ ಮೇಲೆ ಹಳೆಯ ಬಣ್ಣ ಅಲ್ಲಲ್ಲಿ ಉಳಿದಿದೆ. ಇಂಥ ಕಡೆ ಮೊಳೆಯಿಂದ ಹೆಸರು ಕೊರೆಯುವ ಚಟ ನಮ್ಮ ಹುಡುಗರಿಗಿನ್ನೂ ಬಿಟ್ಟಿಲ್ಲ. ಸಾವಿರ ಮಳೆಗೂ ಹೋಗದ್ದು ಒಂದು ಮೊಳೆಗೆ ಹೋಗುತ್ತದೆ. ಮಕ್ಕಳನ್ನು ಕರೆದೊಯ್ಯುವಾಗ ಅವರ ಜೇಬು ಒಮ್ಮೆ ನೋಡಿಬಿಡಿ. ಗೊತ್ತಿದ್ದವರ ಜತೆಯಿಲ್ಲದೆ ಒಳಗೆ ಹೋಗಬೇಡಿ, ದಾರಿ ತಪ್ಪುತ್ತದೆ. ಬ್ಯಾಟರಿ ಇರಲಿ. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಳ್ಳಿ, ಮೆಟ್ಟಿಲು ಕಿರಿದು.

ಹೊರಗೆ ಬಂದ ಮೇಲೆ ಕೆರೆಯ ದಡದಲ್ಲಿ ಕೂತು ಮಂಡಕ್ಕಿ, ಮೆಣಸಿನಕಾಯಿ ಬಿಚ್ಚಿ. ಕೋತಿಗಳಿವೆ, ಚೀಲದ ಮೇಲೊಂದು ಕಣ್ಣಿರಲಿ.