ಆಟಿಯ ಮಳೆ, ತೆಂಬರೆಯ ದನಿ

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಕಷ್ಟಕಾಲಕ್ಕೆ ಒಂದು ತಿಂಗಳ ಹೆಸರೇ ಇದೆ: ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತುಳು ತಿಂಗಳಲ್ಲಿ ಘಟ್ಟದ ಬುಡದ ಮಳೆ ಹಗಲು ರಾತ್ರಿ ಎನ್ನದೆ ಹೊಯ್ಯುತ್ತದೆ. ಹಿಂದೆ ಈ ಹೊತ್ತಿಗೆ ಅಟ್ಟದ ಮೇಲಿನ ಅಕ್ಕಿಮುಡಿಗಳು ಮುಗಿಯುತ್ತಾ ಬಂದಿರುತ್ತಿದ್ದವು, ಗದ್ದೆಯ ಪೈರು ಇನ್ನೂ ಎಳೆಯದು. ತಗತೆ ಸೊಪ್ಪು, ಕೆಸುವಿನ ಎಲೆ, ಕಣಿಲೆ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿ ಕಾಪಿಟ್ಟ ಹಲಸಿನ ಬೀಜ, ಇಷ್ಟರಲ್ಲೇ ದಿನ ದೂಡಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ, ಹಟ್ಟಿಯಲ್ಲಿ ಯಾವುದಾದರೊಂದು ದನಕ್ಕೆ ಕಾಯಿಲೆ. ಮದುವೆಯಿಲ್ಲ, ದೈವಗಳ ಕೋಲವಿಲ್ಲ, ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳ ಆಟವೂ ಇಲ್ಲ. ಇಂಥ ತಿಂಗಳಲ್ಲೂ ಹಾಡು ಮಾತ್ರ ನಿಲ್ಲಲಿಲ್ಲ.

ಆಟಿಯ ಹಾಡುಗಳಲ್ಲಿ ಮೊದಲು ಬಾಗಿಲಿಗೆ ಬರುವುದು ಕಳೆಂಜನದು. ನಲಿಕೆ ಸಮುದಾಯದವರು ಎಳೆಯ ತೆಂಗಿನ ತಿರಿಯನ್ನು ಸೊಂಟಕ್ಕೆ ಕಟ್ಟಿ, ಮುಖಕ್ಕೆ ಬಣ್ಣ ಬಳಿದು, ತಾಳೆಗರಿಯ ಕೊಡೆ ಹಿಡಿದು ಮನೆಮನೆಗೆ ಬರುತ್ತಾರೆ. ಜೊತೆಯವರ ಕೈಯಲ್ಲಿ ತೆಂಬರೆ, ಕೋಲಿನಿಂದ ಬಡಿಯುವ ಪುಟ್ಟ ಚರ್ಮವಾದ್ಯ. ಮಳೆಯ ಸದ್ದಿನ ನಡುವೆ ದೂರದ ಗದ್ದೆಯಂಚಿನಿಂದ ಆ ದನಿ ಕೇಳಿಸಿತೆಂದರೆ ಮಕ್ಕಳು ಜಗಲಿಗೆ ಓಡುತ್ತಾರೆ. ಕಳೆಂಜ ಅಂಗಳದಲ್ಲಿ ಸುತ್ತು ಹಾಕಿ ಕುಣಿಯುವಾಗ ಜೊತೆಯವರು ತೆಂಬರೆ ಬಡಿದು ಅವನ ಕಥೆ ಹಾಡುತ್ತಾರೆ. ಊರಿನ, ಮನೆಯ, ಹಟ್ಟಿಯ ಮಾರಿಯನ್ನು ಕಳೆಯಲು ಬಂದವನು ಅವನು. ಮನೆಯೊಡತಿ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಹುಳಿ, ಮೆಣಸು, ಅರಿಸಿನ, ಮಸಿತುಂಡು ಇಟ್ಟು ಕೊಡುತ್ತಾಳೆ. ಆ ಗೆರಸೆಯ ಜೊತೆ ಮನೆಯ ಸಂಕಟವೂ ಹೊರಟುಹೋಯಿತೆಂಬುದು ನಂಬಿಕೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಾರಿ ಕಳೆಯಲು ಬಂದವರ ಮನೆಯಲ್ಲೇ ಆ ತಿಂಗಳು ಹಸಿವು ಎಲ್ಲರಿಗಿಂತ ಹೆಚ್ಚಿತ್ತು. ಗದ್ದೆ ಅವರದಲ್ಲ, ಕಣಜ ಅವರದಲ್ಲ. ಹಾಡಿ ಕುಣಿದು ಸಿಕ್ಕಿದ ಸೇರಕ್ಕಿಯೇ ಅಂದಿನ ಗಂಜಿ. ಊರಿಗೆ ಸಮಾಧಾನ ತಂದುಕೊಟ್ಟವರನ್ನು ಅಂಗಳದಾಚೆಗೇ ನಿಲ್ಲಿಸಿದ ಊರು ಇದು. ಕಳೆಂಜನನ್ನು ಬರಿಯ ಚೆಂದದ ಆಚರಣೆಯೆಂದು ಬಣ್ಣಿಸುವಾಗ ಈ ಅಂಶವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಕಳೆಂಜ ಸಂಕಟವನ್ನು ಹೊತ್ತು ಆಚೆ ಹೋಗುವವನಾದರೆ, ತುಳುವಿನ ಕಥನಗೀತವಾದ ಪಾಡ್ದನ ಸಂಕಟದ ಒಳಗೇ ಕೂತು ಹಾಡುವ ಹಾಡು. ಏಣಿಲು ಬೆಳೆಗೆ ನೇಜಿ ನೆಡುವಾಗ ಹೆಂಗಸರು ಸಾಲಾಗಿ ಬಾಗಿ ನಿಂತಿರುತ್ತಿದ್ದರು. ತಲೆಯ ಮೇಲಿಂದ ಬೆನ್ನು ಮುಚ್ಚುವಂತೆ ಗೊರಬೆ, ಮೊಣಕಾಲಿನವರೆಗೆ ಕೆಸರು, ಎಡಗೈಯಲ್ಲಿ ನೇಜಿಯ ಸೂಡಿ. ಒಬ್ಬಾಕೆ ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ಮರಳಿ ಹಾಡುತ್ತಾರೆ, ಇಲ್ಲವೇ ಅರ್ಥವಿಲ್ಲದ ಸೊಲ್ಲನ್ನು ಎತ್ತಿಕೊಡುತ್ತಾರೆ. ಓಬೇಲೆಯಂಥ ಕೆಲಸದ ಹಾಡುಗಳೂ ಹೀಗೆಯೇ. ಸಾಲು ಎಳೆದಷ್ಟು ಹೊತ್ತು ಉಸಿರು ನಿಧಾನ ಹೊರಗೆ ಹೋಗುತ್ತದೆ, ಕೈ ಅದೇ ಲಯದಲ್ಲಿ ಕೆಸರಿಗೆ ಇಳಿಯುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಡುವಾಗ ಎದೆಬಡಿತ ತಗ್ಗುತ್ತದೆ ಎಂಬುದು ಇಂದಿನ ಶರೀರಶಾಸ್ತ್ರಕ್ಕೆ ತಿಳಿದ ವಿಷಯ. ಬೆನ್ನು ನೋಯುತ್ತಿದ್ದರೂ ಹೊತ್ತು ಸರಿದದ್ದು ತಿಳಿಯುತ್ತಿರಲಿಲ್ಲ ಎಂದು ಹಳೆಯ ಕಾಲದ ನೆಡುವವರು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಪಾಡ್ದನದ ಬಲ ಲಯವೊಂದೇ ಅಲ್ಲ. ಗಂಡನ ಮನೆಯಲ್ಲಿ ಏಟು ತಿಂದು ಬೆಳಿಗ್ಗೆ ಗದ್ದೆಗೆ ಇಳಿದವಳು ತನ್ನ ಕಥೆಯನ್ನು ಸಾಲಿನಲ್ಲಿ ಇರುವವರಿಗೆ ಹೇಳಿಕೊಳ್ಳುವಂತಿಲ್ಲ. ಹೇಳಿದರೆ ಸಂಜೆಗೆ ಅದು ಅತ್ತೆಯ ಕಿವಿ ತಲುಪುತ್ತದೆ. ಹಾಡಿನಲ್ಲಿ ಬರುವ ಹೆಣ್ಣಿನ ಹೆಸರಿನಲ್ಲಿ ಅವಳು ಎಷ್ಟು ಬೇಕಾದರೂ ಅಳಬಹುದು. ಅತ್ತದ್ದು ಯಾರಿಗಾಗಿ ಎಂದು ಯಾರೂ ಕೇಳುವುದಿಲ್ಲ, ಮಳೆಯಲ್ಲಿ ಕೆನ್ನೆ ಒದ್ದೆಯಾದದ್ದು ಕಾಣುವುದೂ ಇಲ್ಲ. ಸಾಲನ್ನು ಮರಳಿ ಹಾಡುವ ಹತ್ತು ದನಿಗಳು ಅವಳ ದನಿಯನ್ನು ಮುಚ್ಚುತ್ತವೆ, ಎತ್ತಿಯೂ ಹಿಡಿಯುತ್ತವೆ. ದುಃಖವನ್ನು ಇನ್ನೊಬ್ಬರ ಕಥೆಯ ಬಾಯಲ್ಲಿಟ್ಟು ಹೇಳುವ ಈ ಉಪಾಯ ತುಳುನಾಡಿನ ಹಾಡುಗಳಲ್ಲೆಲ್ಲ ಕಾಣುತ್ತದೆ.

ಕೋಟಿ ಚೆನ್ನಯರ ಪಾಡ್ದನ ನಡೆಯುವುದೇ ಈ ನೆಲದಲ್ಲಿ. ಪುತ್ತೂರು ಕಡೆಯ ಪಡುಮಲೆ, ಸುಳ್ಯದ ಪಂಜ, ಅಲ್ಲಿಂದ ಹೆಚ್ಚು ದೂರವಿಲ್ಲದ ಎಣ್ಮೂರು: ಕಥೆಯ ಊರುಗಳೆಲ್ಲ ಹಾಡುವವರು ಕಾಲ್ನಡಿಗೆಯಲ್ಲಿ ಹೋಗಿಬರುತ್ತಿದ್ದಂಥವು. ಅವಳಿ ವೀರರ ಹೋರಾಟ, ಎಣ್ಮೂರಿನ ಕಾಳಗ, ಗರಡಿಗಳು ಎಲ್ಲರಿಗೂ ಗೊತ್ತು. ಹೆಂಗಸರ ಬಾಯಲ್ಲಿ ಕಥೆ ನಿಂತು ನಿಂತು ಸಾಗುವ ಜಾಗಗಳು ಬೇರೆ. ತುಂಬು ಬಸುರಿಯಾಗಿದ್ದಾಗ ಬಲ್ಲಾಳನ ಕಾಲಿನ ಹುಣ್ಣಿಗೆ ಮದ್ದು ಮಾಡಿ, ಅವಳಿ ಮಕ್ಕಳನ್ನು ಹೆತ್ತು, ಅವರು ಬೆಳೆಯುವುದನ್ನು ನೋಡದೆ ತೀರಿಕೊಂಡ ದೇಯಿ ಬೈದೆತಿ. ಪಂಜದಲ್ಲಿ ಬಾಗಿಲಿಗೆ ಬಂದ ಅಪರಿಚಿತ ಯುವಕರ ಹುಟ್ಟು ಕುಲ ವಿಚಾರಿಸುತ್ತಾ, ಇವರು ತನ್ನ ಒಡಹುಟ್ಟಿದವರೇ ಎಂದು ತಿಳಿಯುವ ಅಕ್ಕ ಕಿನ್ನಿದಾರು. ಮದುವೆಯಾಗಿ ದೂರ ಬಂದು ವರ್ಷಗಟ್ಟಲೆ ತವರಿನ ಮುಖ ನೋಡದವಳಿಗೆ ಆ ಸಾಲು ಬಂದಾಗ ಏನಾಗುತ್ತಿತ್ತೆಂದು ವಿವರಿಸಬೇಕಾಗಿಲ್ಲ.

ಪಾಡ್ದನಗಳನ್ನು ಅಚ್ಚಿಗೆ ತಂದ ಕೆಲಸ ಬಾಸೆಲ್ ಮಿಷನ್ನಿನ ಕಾಲದ್ದು. ಆ ಮಿಷನ್ನಿನ ಮ್ಯಾನರ್ ಸಂಗ್ರಹಿಸಿದ ‘ಪಾಡ್ದನೊಳು’ 1886ರಲ್ಲಿ ಮಂಗಳೂರಿನಲ್ಲಿ ಮುದ್ರಣವಾಯಿತು. ಬಳಿಕ ಬಿ. ಎ. ವಿವೇಕ ರೈ, ಅಮೃತ ಸೋಮೇಶ್ವರ ಮೊದಲಾದವರು ಪಾಡ್ದನಗಳನ್ನು ಓದುವ ಕ್ರಮವನ್ನೇ ಕಟ್ಟಿಕೊಟ್ಟರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರ ಡಿಸೆಂಬರಿನಲ್ಲಿ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿಯ ಕಥೆಯನ್ನು ಹಾಡಿಸಿ ದಾಖಲಿಸಿದಾಗ ಅದು 15,683 ಸಾಲುಗಳಾಯಿತು. ಓದು ಬರಹದ ಹಂಗಿಲ್ಲದ ಒಬ್ಬ ಕೃಷಿಕರ ನೆನಪಿನಲ್ಲಿದ್ದ ಸಾಲುಗಳು ಅವು.

ಹಾಡಿನಿಂದ ತನ್ನನ್ನು ತಾನು ತಿಳಿಯುವುದು ಎಂಬುದಕ್ಕೆ ಈ ಸಿರಿಗಿಂತ ಸ್ಪಷ್ಟವಾದ ನಿದರ್ಶನ ಕರಾವಳಿಯಲ್ಲಿ ಇನ್ನೊಂದಿಲ್ಲ. ಸಿರಿ ತನಗೆ ಮೋಸ ಮಾಡಿದ ಗಂಡ ಕಾಂತು ಪೂಂಜನನ್ನು ಬಿಟ್ಟು, ಕೂಸು ಕುಮಾರನೊಂದಿಗೆ ಮನೆಯಿಂದ ಹೊರಟವಳು. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ ಚೆನ್ನೆಮಣೆಯ ಆಟದ ಜಗಳದಲ್ಲಿ ಸಾಯುತ್ತಾರೆ. ಬೆಳ್ತಂಗಡಿಯ ನಿಡ್ಗಲ್, ಕಾರ್ಕಳದ ನಂದಳಿಕೆ, ಮೂಲ್ಕಿ ಕಡೆಯ ಕವತ್ತಾರು ಮುಂತಾದ ಕಡೆಗಳಲ್ಲಿ ನಡೆಯುವ ಸಿರಿಜಾತ್ರೆಯ ರಾತ್ರಿ ನೂರಾರು ಹೆಂಗಸರು ಹಿಂಗಾರ ಹಿಡಿದು ಸಾಲುಗಟ್ಟಿ ನಿಲ್ಲುತ್ತಾರೆ. ಮೈದುಂಬಿದ ಹೊಸಬಳೊಬ್ಬಳು ಮೊದಲಿಗೆ ನಡುಗುತ್ತಾಳೆ, ನರಳುತ್ತಾಳೆ, ಮಾತು ಹೊರಡುವುದಿಲ್ಲ. ಕುಮಾರನ ಪಾತ್ರಿ ಹಾಡಿನ ಧಾಟಿಯಲ್ಲೇ ಅವಳನ್ನು ಮಾತಿಗೆಳೆಯುತ್ತಾನೆ: ನೀನು ಯಾರು, ಎಲ್ಲಿಂದ ಬಂದೆ, ಹೆಸರು ಹೇಳು. ಕೆಲವರಿಗೆ ಆ ಉತ್ತರ ಸಿಗಲು ವರ್ಷಗಳೇ ಬೇಕಾಗುತ್ತವೆ. ಸಿರಿ ಎಂದೋ ಸೊನ್ನೆ ಎಂದೋ ಅಬ್ಬಗ ಎಂದೋ ಒಂದು ಹೆಸರು ಹೊರಬಂದ ಮೇಲೆ ಅವಳು ಗುಂಪಿನಲ್ಲಿ ಒಬ್ಬಳಾಗಿ, ಆ ಕಥೆಯ ಸಾಲುಗಳನ್ನು ತನ್ನದೇ ಮಾತೆಂಬಂತೆ ಹಾಡುತ್ತಾಳೆ. ಮನೆಯಲ್ಲಿ ಹೆಸರೇ ಇಲ್ಲದ ನೋವಿಗೆ ಇಲ್ಲಿ ಒಂದು ಹೆಸರು, ಒಂದು ವಂಶ, ಜೊತೆಗೆ ನೂರು ಅಕ್ಕತಂಗಿಯರು. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವವರು ಆ ಹೆಂಗಸರು ಬೆಳಗಿನ ಜಾವ ಬಸ್ಸು ಹತ್ತುವಾಗಿನ ಮುಖವನ್ನು ಒಮ್ಮೆ ನೋಡಬೇಕು.

ಮಳೆಗಾಲದ ಇನ್ನೊಂದು ಹಾಡು ಯಕ್ಷಗಾನ ತಾಳಮದ್ದಳೆಯದು. ಬಣ್ಣವಿಲ್ಲ, ವೇಷವಿಲ್ಲ, ಚಾವಡಿಯಲ್ಲಿ ಚಾಪೆ ಹಾಸಿ ಭಾಗವತರು, ಚೆಂಡೆ ಮದ್ದಳೆಯವರು, ಎದುರುಬದುರಾಗಿ ಅರ್ಥಧಾರಿಗಳು. ‘ಕರ್ಣಭೇದನ’ದಂಥ ಪ್ರಸಂಗದಲ್ಲಿ ಭಾಗವತರು ಹಾಡುವುದು ನಾಲ್ಕು ಸಾಲಿನ ಪದ, ತಾನು ಸೂತಪುತ್ರನಲ್ಲ, ಕುಂತಿಯ ಹಿರಿಯ ಮಗ ಎಂದು ತಿಳಿದ ಕ್ಷಣವನ್ನು ಅರ್ಥಧಾರಿ ಅರ್ಧ ಗಂಟೆ ಬಿಡಿಸುತ್ತಾನೆ. ಹಗಲೆಲ್ಲ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಎಳೆಯಡಿಕೆ ಹೆಕ್ಕಿ ಬಂದ ಕೃಷಿಕ ರಾತ್ರಿ ಅದನ್ನು ಕೇಳುತ್ತಾನೆ. ಅನ್ನ ಕೊಟ್ಟವರ ಋಣ ದೊಡ್ಡದೋ ಹುಟ್ಟಿನ ಸಂಬಂಧ ದೊಡ್ಡದೋ ಎಂಬ ಕರ್ಣನ ಪ್ರಶ್ನೆ ಅವನಿಗೂ ಹೊಸದಲ್ಲ.

ಯಕ್ಷಗಾನದಲ್ಲಿ ಶೋಕಕ್ಕೆ ನೀಲಾಂಬರಿಯಂಥ ರಾಗಗಳಿವೆ. ಸೀತೆ, ದಮಯಂತಿ, ಚಂದ್ರಮತಿಯರ ಅಳು ಬಹುಕಾಲ ಗಂಡಸರ ಕಂಠದಲ್ಲೇ ಕೇಳಿಬಂತು. ಆ ಪದ್ಧತಿ ಮುರಿದವರು ಲೀಲಾವತಿ ಬೈಪಾಡಿತ್ತಾಯರು. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿ, ಶಾಸ್ತ್ರೀಯ ಸಂಗೀತ ಕಲಿತು, ಕಡಬದ ಹಿಮ್ಮೇಳ ಕಲಾವಿದ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾದ ಮೇಲೆ ಅವರಿಂದಲೇ ಭಾಗವತಿಕೆಯ ಪಾಠ ಪಡೆದರು. ವೃತ್ತಿ ಮೇಳಗಳಲ್ಲಿ ರಾತ್ರಿಯಿಡೀ ಹಾಡಿದ ಮೊದಲ ಮಹಿಳಾ ಭಾಗವತರೆಂದು ಅವರ ಹೆಸರು ಉಳಿದಿದೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹೆಣ್ಣಿನ ದುಃಖದ ಪದವನ್ನು ಹೆಣ್ಣೇ ಭಾಗವತರ ಪೀಠದಲ್ಲಿ ಕೂತು ಹಾಡಿದಾಗ ರಂಗದೆದುರಿನ ಹೆಂಗಸರು ಕೇಳಿದ ರೀತಿ ಬೇರೆಯೇ ಆಗಿದ್ದಿರಬೇಕು.

ಈ ತಾಲೂಕುಗಳ ದುಃಖವೆಲ್ಲ ತುಳು, ಕನ್ನಡದಲ್ಲೇ ಹಾಡಿಕೊಂಡದ್ದಲ್ಲ. ಕಡಬ, ನೆಲ್ಯಾಡಿ ಸುತ್ತ ಕೇರಳದಿಂದ ಬಂದು ಕಾಡು ಕಡಿದು ನೆಲೆಸಿದ ಕ್ರೈಸ್ತರ ಮನೆಯಲ್ಲಿ ಸಾವಾದರೆ ಮಲಯಾಳದ ಪ್ರಾರ್ಥನಾಗೀತೆಗಳು ರಾತ್ರಿ ಉದ್ದಕ್ಕೂ ಕೇಳಿಸುತ್ತವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕೆಯ ಚಹಾ ತೋಟಗಳಿಂದ ಬಂದು ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಕಂಡ ತಮಿಳರಿಗೆ ಸತ್ತವರನ್ನು ಹಾಡಿ ಅಳುವ ಒಪ್ಪಾರಿಯ ಪರಂಪರೆಯಿದೆ. ಭಜನಾ ಮಂದಿರಗಳಲ್ಲಿ ವಾರದ ಭಜನೆ ತಪ್ಪುವುದಿಲ್ಲ. ಒಂಟಿಯಾದ ಮುದುಕಿಯೊಬ್ಬಳಿಗೆ ತಾಳ ಹಿಡಿದು ನಾಲ್ಕು ಜನರ ನಡುವೆ ಕೂರುವ ಆ ಒಂದು ಗಂಟೆಯೇ ವಾರದ ಆಸರೆ.

ಹಾಡಿನ ನೆಲ ಈಗ ಬಹಳ ಕಿರಿದಾಗಿದೆ. ಗದ್ದೆಗಳು ಅಡಿಕೆ ತೋಟಗಳಾದವು, ಗುಡ್ಡಗಳು ರಬ್ಬರ್ ತೋಟಗಳಾದವು. ಉಳಿದ ಗದ್ದೆಗೆ ನಾಟಿಯಂತ್ರ ಬಂತು. ಬಾಗಿ ನಿಲ್ಲುವ ಸಾಲೇ ಇಲ್ಲದ ಮೇಲೆ ಪಾಡ್ದನ ಎಲ್ಲಿ ನಿಲ್ಲಬೇಕು? ವೇದಿಕೆಯ ಮೇಲೆ, ಧ್ವನಿವರ್ಧಕದ ಮುಂದೆ ಅದು ಈಗ ಸ್ಪರ್ಧೆಯ ಹಾಡು. ಉಳಿದಿದೆ ಎಂಬುದು ಸಂತೋಷವೇ, ಆದರೆ ಕೇಳುವವರ ಎದುರು ಹಾಡುವ ಪಾಡ್ದನ ಬೇರೆ, ಕೆಸರಿನಲ್ಲಿ ಎಲ್ಲರೂ ಹಾಡುವವರೇ ಆಗಿದ್ದ ಪಾಡ್ದನ ಬೇರೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ತಿರುಗಾಟದ ನಡುವೆಯೇ ಮೇಳಗಳು ನಿಂತಾಗ ಕಲಾವಿದರ ಅನ್ನಕ್ಕೇ ಕಲ್ಲು ಬಿತ್ತು. ಮಳೆಗಾಲದಲ್ಲಿ ಚಿಕ್ಕಮೇಳ ಕಟ್ಟಿ ಮನೆಮನೆ ತಿರುಗುವ ದಾರಿಯೂ ಮುಚ್ಚಿತ್ತು. ತಾಳಮದ್ದಳೆಗಳು ಮೊಬೈಲಿನ ಪರದೆಗೆ ಬಂದವು. ಬೆಂಗಳೂರು, ಮುಂಬೈ, ದುಬೈಯ ಕೋಣೆಗಳಲ್ಲಿ ಬಂದಿಯಾದವರು ಊರಿನ ಚೆಂಡೆಯ ಸದ್ದು ಕೇಳಿ ರಾತ್ರಿ ಕಳೆದರು.

ಆಟಿ ಕಳೆದು ಸೋಣ ಬರುತ್ತದೆ. ತವರಿನಲ್ಲಿ ಆಟಿ ಕುಳಿತ ಹೊಸ ಮದುಮಗಳು ಗಂಡನ ಮನೆಗೆ ಮರಳುತ್ತಾಳೆ, ಹೊಸ್ತಿಲಿಗೆ ಹೂವಿಟ್ಟು ದೀಪ ಹಚ್ಚುತ್ತಾಳೆ. ಮಳೆ ಸ್ವಲ್ಪ ತೆಳುವಾದ ಆ ದಿನಗಳಲ್ಲಿ ನಲಿಕೆಯವರು ಮತ್ತೊಂದು ವೇಷ ಹಾಕಿ, ಸೋಣದ ಜೋಗಿಯಾಗಿ, ಅದೇ ಅಂಗಳಗಳಿಗೆ ಹಾಡುತ್ತಾ ಬರುತ್ತಾರೆ.