ಗಬ್ಬ ನಿಲ್ಲದ್ದು ಯಾರ ತಪ್ಪು?

ದೀಪಾವಳಿ ಬಂತೆಂದರೆ ಅಕ್ಕಿಆಲೂರು, ಹಾನಗಲ್ಲ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬದ್ದೇ ಮಾತು. ಕೊಬ್ಬರಿ ಹಾರ ಹೊತ್ತು ಓಡುವ ಹೋರಿಯ ಕೊಂಬು, ಡುಬ್ಬ, ಸುಳಿಗಳನ್ನೆಲ್ಲ ರೈತ ಕಣ್ಣಲ್ಲೇ ಅಳೆದುಬಿಡುತ್ತಾನೆ. ಆ ಅಳತೆಗೆ ಸಿಕ್ಕದ್ದು ಜೀವಕೋಶದೊಳಗಿನ ವರ್ಣತಂತು.

ಮನುಷ್ಯನಿಗೆ 46 ವರ್ಣತಂತುಗಳಾದರೆ ದನಕ್ಕೆ 60. ಲಿಂಗ ನಿರ್ಧರಿಸುವ ಒಂದು ಜೋಡಿ ಬಿಟ್ಟರೆ ಉಳಿದ 29 ಜೋಡಿಗಳದ್ದೂ ಒಂದೇ ಚಹರೆ: ಸೆಂಟ್ರೊಮಿಯರ್ ಎಂಬ ಸೊಂಟ ನಡುವೆ ಇಲ್ಲ, ತುದಿಯಲ್ಲಿದೆ. ಅಲ್ಲಿ ಡಿ.ಎನ್.ಎ.ಯ ಒಂದೇ ಸಾಲು ಭಜನೆಯ ಪಲ್ಲವಿಯಂತೆ ಸಾವಿರಾರು ಸಲ ಮರುಕಳಿಸುತ್ತದೆ. ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಡಿ.ಎನ್.ಎ.ಯನ್ನು ರಭಸದಿಂದ ತಿರುಗಿಸಿದಾಗ ಈ ಭಾಗ ಬೇರೆಯೇ ಪಟ್ಟಿಯಾಗಿ ನಿಂತಿತು. ಅದಕ್ಕೇ 'ಉಪಗ್ರಹ ಡಿ.ಎನ್.ಎ.' ಎಂಬ ಹೆಸರು. ಯಾವ ಪ್ರೋಟೀನಿಗೂ ಸೂತ್ರವಾಗದ ಇದನ್ನು ಬಹುಕಾಲ ಕಸವೆಂದೇ ಕರೆದರು. ತಿಳಿಯದ್ದನ್ನು ಕಸವೆನ್ನುವ ಅವಸರ ವಿಜ್ಞಾನಿಗಳಿಗೂ ಇದೆ!

1964ರಲ್ಲಿ ಸ್ವೀಡನ್ನಿನ ಇಂಗೆಮಾರ್ ಗುಸ್ತಾವ್ಸನ್ ಕೆಲವು ದನಗಳಲ್ಲಿ 59 ವರ್ಣತಂತುಗಳನ್ನಷ್ಟೇ ಕಂಡರು. 1ನೆಯದೂ 29ನೆಯದೂ ಆ ತುದಿಗಳಲ್ಲಿಯೇ ಅಂಟಿಕೊಂಡು ಒಂದಾಗಿದ್ದವು. ಇಂಥ ಹೋರಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ತೊಡಕು ಬರುವುದು ವೀರ್ಯಾಣು ರೂಪುಗೊಳ್ಳುವಾಗ. ಕೆಲವಕ್ಕೆ ಒಂದು ವರ್ಣತಂತು ಹೆಚ್ಚು, ಕೆಲವಕ್ಕೆ ಒಂದು ಕಡಿಮೆ. ಅವುಗಳಿಂದಾದ ಭ್ರೂಣ ಬೇಗನೆ ಅಳಿಯುತ್ತದೆ, ಆಕಳು ಮತ್ತೆ ಬೆದೆಗೆ ಬರುತ್ತದೆ. ಮೇವಿನ ಕೊರತೆ, ಬೆದೆಯ ಹೊತ್ತು ತಪ್ಪಿದ್ದು, ಗರ್ಭಕೋಶದ ಸೋಂಕು, ಗಬ್ಬ ನಿಲ್ಲದಿರಲು ಕಾರಣ ಹಲವು. ಆದರೆ ಕೊಟ್ಟಿಗೆಯಲ್ಲಿ ದೂರೆಲ್ಲ ಆಕಳ ಮೇಲೆಯೇ. 'ಗೊಡ್ಡು' ಎಂದು ಸಂತೆಯ ದಾರಿ ಹಿಡಿಸುವುದೂ ಅದನ್ನೇ.

ಊರ ಹೋರಿಯಲ್ಲಿ ಈ ದೋಷವಿದ್ದರೆ ನಷ್ಟ ನಾಲ್ಕಾರು ಮನೆಗೆ. ಹೆಪ್ಪುಗಟ್ಟಿಸಿದ ವೀರ್ಯದ ಕಾಲದಲ್ಲಿ ಒಂದೇ ಹೋರಿ ಸಾವಿರಾರು ಆಕಳಿಗೆ ತಲುಪುತ್ತದೆ. ಆದ್ದರಿಂದ ವೀರ್ಯ ಕೇಂದ್ರ ಸೇರುವ ಹೋರಿಗಳಿಗೆ ವರ್ಣತಂತು ಪರೀಕ್ಷೆ ಕಡ್ಡಾಯ. ರಕ್ತದ ಬಿಳಿಕಣಗಳನ್ನು ಬೆಳೆಸಿ, ವಿಭಜನೆಯ ನಡುವೆಯೇ ತಡೆದು, ಬಣ್ಣ ಹಾಕಿ ಎಣಿಸುತ್ತಾರೆ. ಪಿ.ಯು.ಸಿ. ಹುಡುಗರು ಈರುಳ್ಳಿ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಾರಲ್ಲ, ಈ ವಿದ್ಯೆಯ ಮೊದಲ ಪಾಠ ಅದೇ.

ಅದೇ ಗಾಜಿನಡಿ ಇನ್ನೊಂದು ಸಂಗತಿಯೂ ಬಯಲಾಗುತ್ತದೆ. ಡುಬ್ಬವಿರುವ ನಾಡ ಹೋರಿಗಳಲ್ಲಿ ವೈ ವರ್ಣತಂತುವಿನ ಸೊಂಟವೂ ತುದಿಯಲ್ಲಿದೆ. ಜರ್ಸಿ, ಹೋಲ್‌ಸ್ಟೀನ್ ಹೋರಿಗಳಲ್ಲಿ ನಡುವಿನತ್ತ ಸರಿದಿದೆ. ವೈ ಬರುವುದು ತಂದೆಯಿಂದ ಮಾತ್ರ. ಹೀಗಾಗಿ ಹೋರಿಗರು ಎಷ್ಟೇ ಜವಾರಿಯಂತೆ ಕಂಡರೂ ಅದರ ತಂದೆ ಯಾವ ಕುಲದ್ದೆಂಬುದು ಅಲ್ಲಿ ಕಾಣುತ್ತದೆ; ದಲ್ಲಾಳಿಯ ಮಾತನ್ನು ಕೇಳಬೇಕಾಗಿಲ್ಲ.