ಎಡದ ಬೆಳಕು

ಕನ್ನಡದಲ್ಲಿ ಬಲವೆಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ಎಡಕ್ಕೆ ಆ ಭಾಗ್ಯವಿಲ್ಲ. ಎಡವುವುದು, ಎಡವಟ್ಟು ಎಂಬ ಮಾತುಗಳು ಕಿವಿಗೆ ಅದರ ಬಂಧುಗಳಂತೆಯೇ ಕೇಳಿಸುತ್ತವೆ. ಬೆಳಕೂ ಶುಭವೂ ಬಲಕ್ಕೆ, ಉಳಿದುದೆಲ್ಲ ಎಡಕ್ಕೆ ಎಂಬ ಹಂಚಿಕೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ನಮ್ಮ ಕಣ್ಣು ಅದನ್ನು ಒಪ್ಪಿದಂತೆ ಕಾಣುವುದಿಲ್ಲ.

ಶಾಸನಗಳನ್ನು ಓದುವವರಿಗೆ ಒಂದು ಅನುಭವವುಂಟು. ಕಲ್ಲಿನಲ್ಲಿ ಕೊರೆದ ಅಕ್ಷರಗಳ ಛಾಯಾಚಿತ್ರವನ್ನು ತಲೆಕೆಳಗಾಗಿ ಹಿಡಿದರೆ ತಗ್ಗಿನ ಗೆರೆಗಳು ಉಬ್ಬಿ ನಿಂತಂತೆ ತೋರುತ್ತವೆ. ಬೆಳಕು ಮೇಲಿನಿಂದಲೇ ಬೀಳುತ್ತದೆಂದು ಮನಸ್ಸು ಮೊದಲೇ ನಿರ್ಣಯಿಸಿ, ನೆರಳಿಗೆ ಅದರಂತೆ ಅರ್ಥ ಹಚ್ಚುವುದೇ ಇದಕ್ಕೆ ಕಾರಣ. ಸೂರ್ಯನ ಕೆಳಗೆ ಬಾಳುವ ಜೀವಿಗೆ ಇದು ಸಹಜವೇ. ಸೋಜಿಗವಿರುವುದು ಮುಂದೆ. 1998ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಜೆನ್ನಿಫರ್ ಸನ್ ಮತ್ತು ಪಿಯೆತ್ರೊ ಪೆರೋನ ಎಂಬ ವಿಜ್ಞಾನಿಗಳು ಪರೀಕ್ಷಿಸಿದಾಗ, ಮನಸ್ಸು ಊಹಿಸುವ ಆ ಬೆಳಕು ನೆತ್ತಿಯ ನೇರಕ್ಕಿಲ್ಲ, ತುಸು ಎಡಕ್ಕೆ ವಾಲಿದೆ ಎಂದು ಕಂಡುಬಂದಿತು. ಆಗಸದ ಸೂರ್ಯನಿಗಂತೂ ಎಡಬಲಗಳ ಪಕ್ಷಪಾತವಿಲ್ಲ! 2013ರ ಇನ್ನೊಂದು ಅಧ್ಯಯನವು, ಬಲದಿಂದ ಎಡಕ್ಕೆ ಓದುವ ಹೀಬ್ರೂ ಓದುಗರಲ್ಲಿ ಈ ವಾಲುವಿಕೆ ಇಂಗ್ಲಿಷ್ ಓದುಗರಿಗಿಂತ ಕಡಿಮೆಯೆಂದು ತೋರಿಸಿತು. ಹುಟ್ಟಿನಿಂದ ಬಂದುದೆಂದು ನಾವು ತಿಳಿಯುವ ಎಷ್ಟೋ ಒಲವುಗಳಲ್ಲಿ ಅಭ್ಯಾಸದ ಪಾಲೂ ಇರುತ್ತದೆಂದಾಯಿತು.

ಮಠದಲ್ಲಿ ಓದುತ್ತಿದ್ದಾಗ, ದೀಪವನ್ನು ಎಡಕ್ಕಿಟ್ಟುಕೊಂಡು ಬರೆಯಿರೆಂದು ನಮಗೆ ಹೇಳುತ್ತಿದ್ದರು. ಬಲಗೈಯ ನೆರಳು ಅಕ್ಷರಗಳ ಮೇಲೆ ಬೀಳಬಾರದೆಂಬುದು ಅದರ ಉದ್ದೇಶ. ನಮ್ಮ ಸಾಲಿನಲ್ಲಿ ಎಡಗೈಯಿಂದ ಬರೆಯುವ ಹುಡುಗನೊಬ್ಬನಿದ್ದನು. ಅವನ ದೀಪವನ್ನು ಬಲಕ್ಕೆ ಸರಿಸಿದ್ದರೆ ತೀರುತ್ತಿತ್ತು. ಹಿರಿಯರೊಬ್ಬರು ದೀಪವನ್ನು ಅಲ್ಲಿಯೇ ಬಿಟ್ಟು ಕೈಯನ್ನು ಬದಲಿಸಹೊರಟರು. ಬೆತ್ತದ ಏಟಿಗೆ ಎಡಗೈಯ ಬೆರಳುಗಳು ಬಾತುಕೊಂಡಿರುತ್ತಿದ್ದವು. ಅಷ್ಟು ಚೆಂದಾಗಿ ವಚನ ಹಾಡುತ್ತಿದ್ದ ಹುಡುಗ ವರುಷ ತುಂಬುವ ಮೊದಲೇ ಊರಿಗೆ ಹೊರಟುಹೋದನು.

ಮರುದಿನ ಮುಂಜಾನೆಯೂ ನಾವೆಲ್ಲರೂ, ಆ ಹಿರಿಯರೂ ಕೂಡ, ಎಂದಿನಂತೆ ಪೂಜೆಗೆ ಕುಳಿತೆವು. ಇಷ್ಟಲಿಂಗವನ್ನು ಬಿಜಯಂಗೈಸಿಕೊಂಡದ್ದು ವಾಮಕರಸ್ಥಲದಲ್ಲಿಯೇ. ಕಪ್ಪು ಕಾಂತಿಯ ಮೇಲೆ ಹೊಳೆಯುವ ದೀಪದ ಬಿಂದುವಿನಲ್ಲಿ ದೃಷ್ಟಿ ನಿಲ್ಲಿಸುವಾಗ, ಆ ಬೆಳಕನ್ನು ಹೊತ್ತ ಕೈ ಯಾವುದೆಂಬುದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಈಚೆಗೆ ಪರಿಚಯದ ತಾಯಿಯೊಬ್ಬರು ಐದು ವರುಷದ ಮಗಳನ್ನು ಕರೆತಂದು, "ಎಡಗೈಯಿಂದಲೇ ಬರೆಯುತ್ತಾಳೆ ಅಪ್ಪಾರೆ, ಬಿಡಿಸುವುದು ಹೇಗೆ?" ಎಂದು ಕೇಳಿದರು. ಮಗುವಿನ ಬರವಣಿಗೆಯನ್ನು ನೋಡಿದೆ, ಅಕ್ಷರಗಳು ದುಂಡಾಗಿದ್ದವು. "ಬಿಡಿಸಬೇಡಿ ತಾಯಿ, ಓದುವ ಮೇಜಿನ ದೀಪವನ್ನು ಅವಳ ಬಲಕ್ಕೆ ಸರಿಸಿರಿ" ಎಂದೆನು.